ಬಾಗಿಲಲ್ಲಿ ನಿಂತು ಕರೆದವನು

…ಸುತ್ತಿ ಬಳಸೋದು ಬೇಡ ಕಣೇ, ಇರೋದು ಒಂದೇ ಮಾತು. ಊರಿನ ಬಟ್ಟೆ ಅಂಗಡಿ ಕೊಡೋದಾ, ಬಿಡೋದಾ? ಅಂಗಡಿ ಇರೋದು ನಿನ್ನ ಹೆಸರಲ್ಲಿ. ನೀನು ಹ್ಞೂಂ ಅಂದರೆ ಪಕ್ಕದ ಪಾತ್ರೆ ಅಂಗಡಿಯವರು ನಾಳೆಯೇ ಬೀಗದ ಕೈ ಈಸ್ಕೋತಾರೆ, ನಾವಿಬ್ಬರೂ ಇಲ್ಲೇ ನೆಲೆ ನಿಲ್ತೀವಿ. ಊಹ್ಞೂಂ ಅಂದರೆ… ಬಿಡು, ಅಪಶಕುನ ಯಾಕೆ.

ಏನು, ಬಂದು ಐದೇ ದಿನ ಆಯ್ತು ಅಂತಾನಾ? ಇಪ್ಪತ್ತೆಂಟು ವರ್ಷ ಗಾದಿ ಮೇಲೆ ಕೂತವರು ನಾವು. ಮೆಟ್ಟಿಲಲ್ಲಿ ಚಪ್ಪಲಿ ಬಿಡೋ ರೀತಿ ನೋಡಿ, ಇದು ಕೊಳ್ಳೋ ಗಿರಾಕಿ, ಇದು ಬರೀ ಮುಟ್ಟಿ ಹೋಗೋ ಗಿರಾಕಿ ಅಂತ ಹೇಳ್ತಿದ್ದವಳು ನೀನು! ಒಂದು ದೇಶ ಅಳೆಯೋಕೆ ನಿನಗೆ ಐದು ದಿನ ಸಾಲದಾ?

ಕೂತ್ಕೋ. ಆ ಕಿಟಕಿ ಬಿಟ್ಟು ಬಾ ಇತ್ಲಾಗೆ. ಎಂಟಾದರೂ ಬೆಳಕು ಹೋಗಿಲ್ಲ ಅಂತ ನೋಡ್ತಿದೀಯಾ? ನನಗೂ ಮೊದಮೊದಲು ಹಂಗೇ ಆಗ್ತಿತ್ತು. ಅಂಗಡಿಗಳು ಆರಕ್ಕೇ ಬಾಗಿಲು ಹಾಕ್ತವೆ, ಬೆಳಕು ಮಾತ್ರ ಬೀದೀಲಿ ಸುಮ್ಮನೆ ಬಿದ್ದಿರುತ್ತೆ. ಇಷ್ಟು ಬೆಳಕು ಊರಲ್ಲಿ ಸಿಕ್ಕಿದ್ದರೆ ಇನ್ನೂ ಎರಡು ಥಾನು ಬಟ್ಟೆ ಖಾಲಿ ಮಾಡ್ತಿದ್ದೆ ಅಂತ ಹೊಟ್ಟೆ ಉರೀತಿತ್ತು. ಈಗ ಅದೂ ಇಲ್ಲ.

ಸೌಕರ್ಯಕ್ಕೇನೂ ಕಮ್ಮಿ ಇಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು. ಬಸ್ಸು ಹೇಳಿದ ನಿಮಿಷಕ್ಕೆ ಬಂದು ನಿಲ್ಲುತ್ತೆ. ಒಳಗೆ ನಲವತ್ತು ಜನ, ಒಬ್ಬರೂ ತುಟಿಪಿಟಿಕ್ ಅನ್ನಲ್ಲ, ಎಲ್ಲಾ ಸೇರಿ ಸಾವಿನ ಮನೆಗೆ ಹೊರಟ ಹಾಗೆ! ಎದುರು ಮನೆಯಾತ ಹದಿನಾಲ್ಕು ತಿಂಗಳಿಂದ ನನ್ನ ನೋಡಿ ತಲೆ ಆಡಿಸ್ತಾನೆ. ನಾನೂ ಆಡಿಸ್ತೀನಿ. ಇಬ್ಬರೂ ಕೋಲೆಬಸವಗಳೇ. ಹೆಸರು? ಯಾರಿಗೆ ಗೊತ್ತು.

ವ್ಯಾಪಾರನಾ? ವ್ಯಾಪಾರ ಅಂದರೆ… ಇಲ್ಲಿ ಚೌಕಾಸಿ ಇಲ್ಲ ಕಣೇ. ಒಂದೊಂದು ಅಂಗಿ ಕೊರಳಿಗೂ ಒಂದೊಂದು ಚೀಟಿ, ಚೀಟೀಲಿ ರೇಟು. ಎಷ್ಟಕ್ಕೆ ಕೊಡ್ತೀರಿ ಅಂತ ಕೇಳೋರಿಲ್ಲ, ನಿಮಗೋಸ್ಕರ ಅಂತ ಇಳಿಸೋರಿಲ್ಲ. ಎದ್ದು ಹೋಗೋ ಗಿರಾಕೀನ ಮೂರನೇ ಮೆಟ್ಟಿಲಲ್ಲಿ ವಾಪಸ್ ಕರೀತಿದ್ದೆ, ನೆನಪಿದೆಯಾ? ಎರಡನೇದರಲ್ಲಿ ಕರೆದರೆ ನಮಗೆ ನಷ್ಟ, ನಾಲ್ಕನೇದಕ್ಕೆ ಬಿಟ್ಟರೆ ಗಿರಾಕಿ ಎದುರಂಗಡಿಗೆ. ಆ ವಿದ್ಯೆ ಇಲ್ಲಿ ಯಾರಿಗೂ ಬೇಡ. ಮೊನ್ನೆ ಒಬ್ಬಾಕೆ ಕೋಟು ತಗೊಂಡು ಹೋಗಿ, ಹತ್ತು ದಿನ ಮೆರೆದು, ಹನ್ನೊಂದನೇ ದಿನ ಹಿಡಿಸಲಿಲ್ಲ ಅಂತ ತಂದು ಕೊಟ್ಟಳು. ಮುಖದಲ್ಲಿ ನಾಚಿಕೆ ಅನ್ನೋದು ಸಾಸಿವೆ ಕಾಳಷ್ಟಿಲ್ಲ! ಜೇಬಲ್ಲಿ ಬಸ್ಸಿನ ಟಿಕೇಟು ಹಂಗೇ ಇತ್ತು, ನಾನೇ ತೆಗೆದು ಇಸ್ತ್ರಿ… ಅಲ್ಲ, ತೆಗೆಸಿದೆ, ಹುಡುಗರ ಕೈಲಿ.

ನಾನಾ? ನಾನು ಗಲ್ಲಾದಲ್ಲೇ. ಫೋನಲ್ಲಿ ಹೇಳಿದ್ದೆನಲ್ಲ. ಎಷ್ಟೆಂದರೂ ಅಕ್ಕನ ಮಗನ ಅಂಗಡಿ. ‘ಮಾವ, ನೀವು ಮುಂದೆ ಕೂತಿರಿ ಸಾಕು’ ಅಂತಾನೆ.

ಮುಖ ಯಾಕೆ ಹಂಗೆ ಗಂಟು ಹಾಕ್ಕೊಂಡಿದೀಯ? ಇರು, ಒಂದು ತಮಾಷೆ ಹೇಳ್ತೀನಿ. ನಮ್ಮಲ್ಲೊಬ್ಬ ಇದಾನೆ, ನಮ್ಮ ಕಡೆಯವನೇ, ವಯಸ್ಸಾದವನು. ಕೆಲಸಕ್ಕೆ ಬಂದ ಮೊದಲನೇ ದಿನವೇ ಅಂಗಡಿ ಬಾಗಿಲಲ್ಲಿ ಹೋಗಿ ನಿಂತ. ‘ಬನ್ನಿ ಅಮ್ಮಾ, ಬನ್ನಿ ಅಕ್ಕಾ, ನೋಡೋದಕ್ಕೇನೂ ದುಡ್ಡು ಕೊಡಬೇಕಿಲ್ಲ, ಒಳಗೆ ಬನ್ನಿ!’ ಅದೂ ನಮ್ಮ ಭಾಷೇಲಿ! ಹಾದು ಹೋಗ್ತಿದ್ದ ಒಬ್ಬಾಕೆ ಬೆಚ್ಚಿಬಿದ್ದು ಕೈಚೀಲ ಎದೆಗೆ ಅವುಚಿಕೊಂಡಳು. ಇವನಿಗೆ ಇನ್ನೂ ಉಮೇದು, ಗಿರಾಕಿ ತಪ್ಪಿಸ್ಕೋತಿದೆ ಅಂತ ಹಿಂದೆಯೇ ಹೋದ. ನಾಲ್ಕು ಹೆಜ್ಜೆ ಇಟ್ಟಿಲ್ಲ, ಸೆಕ್ಯೂರಿಟಿಯವನು ಬಂದು ರಟ್ಟೆ ಹಿಡ್ಕೊಂಡ. ಹ್ಹ! ಕಳ್ಳನ್ನ ಹಿಡಿಯೋ ಹಾಗೆ ರಟ್ಟೆ ಹಿಡ್ಕೊಂಡು…

ಯಾಕೇ, ನಗು ಬರಲಿಲ್ವಾ?

ಆಮೇಲೇನು, ಆ ಮುದುಕನ್ನ ಹಿಂದಿನ ಕೋಣೆಗೆ ಹಾಕಿದರು. ಬಂದ ಪೆಟ್ಟಿಗೆ ಕುಯ್ಯೋದು, ರಟ್ಟು ಮಡಿಸಿ ಕಟ್ಟೋದು, ವಾಪಸ್ ಬಂದ ಬಟ್ಟೆಗೆ ಇಸ್ತ್ರಿ ಹಾಕೋದು. ಮುಂದೆ ಬರೋ ಹಾಗಿಲ್ಲ. ಗಿರಾಕಿ ಕಣ್ಣಿಗೆ ಬೀಳೋ ಹಾಗಿಲ್ಲ. ಪಾಪ, ಮನುಷ್ಯ ಒಳ್ಳೆಯವನೇ… ನಗದಿದ್ದರೆ ಬೇಡ, ಹಂಗೆ ನೋಡಬೇಡ.

ಅಂಗಡಿ ತಾನೇ? ತೋರಿಸ್ತೀನಿ. ನಾಳೆ ಬೇಡ, ನಾಳೆ ಮಾಲು ಬರುತ್ತೆ. ಮುಂದಿನ ವಾರ… ಅಲ್ಲ, ಬಂದಾಗಿನಿಂದ ಅಂಗಡಿ ತೋರಿಸಿ, ಅಂಗಡಿ ತೋರಿಸಿ ಅಂತ ಪ್ರಾಣ ತಿಂತಿದ್ದವಳು ಇವತ್ತು ಒಂದು ಸಲವೂ ಕೇಳಲಿಲ್ಲ ನೀನು.

ಯಾಕೆ ಕೇಳಲಿಲ್ಲ?

ಏನೇ… ಬಂದಿದ್ದೆಯಾ?

ಒಬ್ಬಳೇನಾ? ಭಾಷೆ ಬರದೆ, ಎರಡು ಬಸ್ಸು ಬದಲಾಯಿಸಿ? ವಿಳಾಸದ ಚೀಟಿ ತೋರಿಸ್ಕೊಂಡು… ಗಲ್ಲಾದ ಹುಡುಗಿ ಹಿಂದಕ್ಕೆ ಕೈ ತೋರಿಸಿದಳಾ? ಹ್ಞೂಂ. ಎಷ್ಟು ಹೊತ್ತು ನಿಂತಿದ್ದೆ? ಅಕ್ಕನ ಮಗ ಕೂಗಾಡ್ತಿದ್ದಾಗಲೂ ಇದ್ದೆಯಾ, ಬಟ್ಟೆ ಸುಟ್ಟಿತು ಅಂತ? ಎಲ್ಲಾ ಕೇಳಿಸ್ತಾ?

ಮಾವ ಅನ್ನೋದು ಮನೇಲಿ ಮಾತ್ರ ಕಣೇ. ಅಲ್ಲಿ ‘ಏಯ್’ ಅಂತಾನೆ.

ಕರೀಬಹುದಿತ್ತಲ್ಲ ನೀನು? ಕರೆಯದೆ ವಾಪಸ್ ಬಂದು, ಅಡುಗೆ ಮಾಡಿ, ಬಡಿಸಿ, ಇಷ್ಟು ಹೊತ್ತು ನನ್ನ ಸುಳ್ಳೆಲ್ಲಾ ಕೇಳ್ಕೊಂಡು ಕೂತಿದೀಯ!

ಹೆಂಗೆ ಹೇಳ್ಲಿ ಹೇಳು. ಹೋಗಬೇಡಿ ಅಂತ ನೀನು ಅತ್ತರೂ ಹಟ ಹಿಡಿದು ಬಂದವನು ನಾನು. ಪೇಟೆಯವರ ಮುಂದೆಲ್ಲಾ ಮೀಸೆ ತಿರುವಿ ಬಂದವನು. ತೂತು ಬಿದ್ದ ಬಟ್ಟೇನ ಮಡಿಕೆ ಒಳಗೆ ಮುಚ್ಚಿ ತೋರಿಸೋದು ನಮ್ಮ ಕಸುಬಲ್ಲಿ ಯಾರು ಮಾಡಿಲ್ಲ? ನಾನು ಅದನ್ನ ಮನೆಯವಳಿಗೇ ಮಾರೋಕೆ ಹೊರಟೆ ನೋಡು. ನೀನೂ ಗಾದಿ ಮೇಲೆ ಕೂತವಳು ಅನ್ನೋದು ಮರೆತು.

ಫೋನು ಯಾಕೆ ನನ್ನ ಕಡೆ ತಳ್ತೀಯ? ಪಾತ್ರೆಯವರಿಗಾ? ನಾನೇ ಹೇಳಬೇಕಾ? ಅಂಗಡಿ ಕೊಡೋದಿಲ್ಲ… ಅಷ್ಟೇನಾ?

ಇಬ್ಬರೂ ಬರ್ತೀವಿ ಅಂತಾನೂ ಹೇಳ್ಲಾ?

ಸರಿ. ಕೊಡು ಇಲ್ಲಿ. ನಗ್ತಾರೆ ಪೇಟೇಲಿ, ನಗಲಿ. ನಾಲ್ಕು ದಿನ ನಕ್ಕು ಐದನೇ ದಿನ ಬಟ್ಟೆಗೆ ನಮ್ಮಲ್ಲೇ ಬರಬೇಕು. ಹದಿನಾಲ್ಕು ತಿಂಗಳು ಹೊರದೇಶದಲ್ಲಿ ದುಡಿದು ಏನು ತಂದೆಯಪ್ಪಾ ಅಂತ ಕೇಳಿದರೆ ಹೇಳ್ತೀನಿ: ಒಂದು ದಪ್ಪನೆ ಕೋಟು, ಒಂದು ಸೊಂಟನೋವು, ಮತ್ತೆ… ಗಂಡ ಬೈಸ್ಕೊಳ್ಳೋ ಹೊತ್ತಲ್ಲಿ ‘ರೀ’ ಅಂತ ಒಂದು ಮಾತು ಅನ್ನದೆ, ಸದ್ದಾಗದ ಹಾಗೆ ತಿರುಗಿ ಮನೆಗೆ ಹೋದ ಹೆಂಡತಿ. ಇಷ್ಟೇ ಕಣೇ ನಿವ್ವಳ ಲಾಭ.