ಮಾಲ್ಟಾ ಬಾಯಿಪಾಠ

ಪಾಂಡವಪುರ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ಯಾರೋ ಅಣ್ಣ ತಂಗಿ ಕೂತಿದ್ದರು. ಮಾಲ್ಟಾ ದೇಶದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ತಂಗಿ ವೀಸಾ ಸಂದರ್ಶನ ಮುಗಿಸಿ ಬಂದಿದ್ದಳು. ಇಬ್ಬರೂ ದಣಿದಿದ್ದರು.

“ರಾಜಧಾನಿ ಕೇಳುದ್ರಾ?”

“ಇಲ್ಲ. ವಲೆಟ್ಟಾ ಅಂತ ನಾಲಿಗೆ ಮೇಲೇ ಇತ್ತು.”

“ಸ್ವಾತಂತ್ರ್ಯ ಬಂದಿದ್ದು?”

“ಅರವತ್ನಾಲ್ಕರಲ್ಲಿ, ಬ್ರಿಟಿಷರಿಂದ. ಅದ್ನೂ ಕೇಳ್ನಿಲ್ಲ ಕಣಣ್ಣ.”

“ಹೊಳೆ ವಿಚಾರ?”

“ಅಲ್ಲಿ ಹೊಳೆನೇ ಇಲ್ಲ, ಸಮುದ್ರದ ನೀರಲ್ಲಿ ಉಪ್ಪು ತೆಗೆದು ಕುಡೀತಾರೆ. ತಿಂಗ್ಳೆಲ್ಲ ನೀನೇ ಉರು ಹೊಡ್ಸಿದ್ಯಲ್ಲ.”

“ಮತ್ತಿನ್ನೇನು ಕೇಳುದ್ರು?”

“ಕೆಲ್ಸ ಮುಗುದ್ಮೇಲೆ ಊರಿಗೆ ವಾಪಸ್ ಬತ್ತೀಯಾ ಅಂದ್ರು.”

“ಏನಂದೆ?”

“ಸುಮ್ನೆ ಕೂತ್ಕಂಡೆ.”

“ಬತ್ತೀನಿ ಅನ್ನಕೇನಾಗಿತ್ತು ಸುನಿತಾ? ಅಷ್ಟಕ್ಕೇ ವೀಸಾ ಕೊಡ್ನಿಲ್ಲ ಅಂದ್ರೆ?”

“ಬಂದ್ರೆ ಎಲ್ಲಿಗೆ ಬರ್ಲಣ್ಣ? ನಾನಿನ್ನೂ ಹೊಂಟೇ ಇಲ್ಲ, ಅತ್ತಿಗೆ ಆಗ್ಲೇ ನನ್ನ ಕೋಣೆ ತುಂಬ ದನದ ಹಿಂಡಿ ಮೂಟೆ ಜೋಡ್ಸವ್ರೆ.”

ಅಣ್ಣ ರಸ್ತೆಯನ್ನೇ ನೋಡುತ್ತಿದ್ದ. ಕ್ಯಾತನಹಳ್ಳಿಯ ಬೋರ್ಡು ಕಂಡಾಗ, “ಬಸ್ಸು ಬಂತು” ಎಂದಷ್ಟೇ ಹೇಳಿ, ಅವಳ ಬ್ಯಾಗನ್ನೂ ತಾನೇ ಎತ್ತಿಕೊಂಡು ಮುಂದೆ ನಡೆದ.