ಅಳಿಸಿದ ಪ್ರೋಗ್ರಾಂ

ಬಸ್ಸಿನಲ್ಲಿ ಶಾಲೆ ಮುಗಿಸಿ ಹೊರಟಿದ್ದ ಟೀಚರಮ್ಮನ ಮುಂದಿನ ಸೀಟಿನಲ್ಲಿ ಗುರುತಿಲ್ಲದ ಅಕ್ಕತಂಗಿಯರು ಕೂತಿದ್ದರು. ತಂಗಿ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕ್ಲಾಸಿನಿಂದ ಹೆಸರು ತೆಗೆಸಲು ಹೊರಟಿದ್ದಳು. ಬೇಡವೆಂದರೂ ಟೀಚರಮ್ಮನ ಕಿವಿ ಅತ್ತಲೇ ಹೋಯಿತು.

“ಪ್ರೋಗ್ರಾಂ ಬರೆಯೋಕೆ ಪೈಥಾನ್ ಭಾಷೆ ಹಿಡಿದೆ, ಮಕ್ಕಳಾಟ ಅಂದ್ರು. ಜಾವಾ ಹಿಡಿದೆ, ಹಳೇ ಕಾಲದ್ದು ಅಂದ್ರು.”

“ಯಾರೇ ಅಂದಿದ್ದು?”

“ಹುಡುಗ್ರು. ಹುಡುಗಿ ಅಂತ ಅಲ್ಲಿರೋದು ನಾನೊಬ್ಬಳೇ ಅಲ್ವಾ?”

“ಅವರು ಒಬ್ಬರಿಗೊಬ್ಬರೂ ಹಾಗೇ ಅಂತಾರಾ?”

“ಇಲ್ಲಕ್ಕ. ಅವರು ಯಾವುದರಲ್ಲಿ ಬರೆದ್ರೂ ಸೈ.”

“ನೀನು ಬರೆದ ಪ್ರೋಗ್ರಾಂ ಓಡ್ತಿತ್ತಾ?”

“ಚೆನ್ನಾಗೇ ಓಡ್ತಿತ್ತು. ಅಳಿಸಿಬಿಟ್ಟೆ.”

“ಅಯ್ಯೋ, ಯಾಕೇ?”

“ನೋಡಿ ನಗ್ತಾರೆ ಅಂತ.”

ಅಕ್ಕ ತಂಗಿಯ ಕಡೆ ತಿರುಗಿ ಕೂತಳು.

“ಹೆಸರು ನಾಳೆ ತೆಗೆಸು. ಇವತ್ತು ಅದನ್ನೇ ಮತ್ತೆ ಬರಿ, ನಾನು ಪಕ್ಕದಲ್ಲಿ ಕೂರ್ತೀನಿ.”

“ನಿಂಗೇನು ಅರ್ಥ ಆಗುತ್ತೆ?”

“ಏನೂ ಆಗಲ್ಲ. ಅದಕ್ಕೇ ನಗಲ್ಲ.”

ಕ್ಲಾಸಿನ ಸ್ಟಾಪ್ ಬಂತು. ತಂಗಿ ಇಳಿದು, ಹೆಸರು ತೆಗೆಸಲು ಕ್ಲಾಸಿನ ಕಚೇರಿಯ ಕಡೆಗೆ ನಡೆದಳು. ಅಕ್ಕ ಅವಳನ್ನು ತಡೆಯಲು ಹಿಂದೆಯೇ ಓಡಿದಳು.