ಎಲಚಿ ಹಣ್ಣು ಆಯುವವರಿಲ್ಲದ ಮನೆ

ತಾಯಂದಿರೇ, ಒಂದು ಊರು. ಆ ಊರಿನಲ್ಲೊಬ್ಬ ಸಾಹುಕಾರ. ಶಿವನಂಜಪ್ಪ ಎಂದಿಟ್ಟುಕೊಳ್ಳಿ. ಕೆಟ್ಟವನಲ್ಲ, ನೋಡಿ. ಆದರೆ ಅವನಿಗೊಂದು ಮಾತಿನ ಮೋಹ ಹಿಡಿದಿತ್ತು. ಯಾವ ಮಾತು? 'ನಿಷೇಧಿಸಲಾಗಿದೆ.' ಯಾವುದೋ ಕಚೇರಿಯ ಗೋಡೆಯ ಮೇಲೆ ಅದನ್ನು ಓದಿ ಬಂದವನೇ ಪೇಂಟರನ್ನು ಕರೆಸಿದ. ಜಗಲಿಯ ಮೇಲೆ ಕೂರುವುದನ್ನು ನಿಷೇಧಿಸಲಾಗಿದೆ. ಹೂವು ಕೀಳುವುದನ್ನು ನಿಷೇಧಿಸಲಾಗಿದೆ. ಗೇಟಿನ ಮೇಲೆ ತೂಗುಹಾಕಿದ ಬೋರ್ಡಿನಲ್ಲಂತೂ ಕೆಂಪಕ್ಷರದಲ್ಲಿ, ಮಕ್ಕಳ ಪ್ರವೇಶವನ್ನು ನಿಷೇಧಿಸಲಾಗಿದೆ!

"ಬೇಡ ಕಣ್ರೋ ಅಂತ ಬಾಯಲ್ಲಿ ಹೇಳಿದ್ರೆ ಸಾಲ್ದಾ?" ಎಂದಳು ಹೆಂಡತಿ ಸಾಕಮ್ಮ.

"ಬೇಡ ಅಂದ್ರೆ ಯಾಕೆ ಅಂತವೆ. ಇದಕ್ಕೆ ಯಾರೂ ಎದುರು ಮಾತಾಡಲ್ಲ."

ನಿಜ, ಯಾರೂ ಆಡಲಿಲ್ಲ. ಮಾತೇ ನಿಂತುಹೋಯಿತು.

ಸಂಕ್ರಾಂತಿ ಬಂತು. ಮೊದಲ ಮೊಮ್ಮಗಳಿಗೆ ಮೊದಲ ಸಂಕ್ರಾಂತಿ. ಕೂಸನ್ನು ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು ಎರೆಯಬೇಕು. ಕೇರಿಯ ಮಕ್ಕಳೆಲ್ಲ ಮುಗಿಬಿದ್ದು ಆಯಬೇಕು. ಆ ಗಲಾಟೆಯೇ ಅಲ್ಲವೇ ಕೂಸಿಗೆ ಹಾರೈಕೆ? ಮೊರದ ತುಂಬ ಹಣ್ಣಿದೆ. ಆಯುವವರು? ಒಬ್ಬರೂ ಇಲ್ಲ.

ಸಾಹುಕಾರ ಗೇಟಿಗೆ ಬಂದ. ಎದುರಿನ ಕಟ್ಟೆಯ ಮೇಲೆ ಹೊಸ ಬಟ್ಟೆ ತೊಟ್ಟ ಹನ್ನೆರಡು ಮಕ್ಕಳು ಸಾಲಾಗಿ ಕೂತಿದ್ದವು.

"ಬರ್ರೋ ಒಳಗೆ!"

"ಬರಂಗಿಲ್ಲ ತಾತ," ಎಂದಳು ಟೈಲರನ ಮಗಳು ಚಂದ್ರಿ.

"ನಾನೇ ಕರೀತಿದ್ದೀನಲ್ಲೇ!"

"ನೀವು ಕರೀತೀರ, ನಿಮ್ಮ ಬೋರ್ಡು ಬೇಡ ಅಂತದೆ. ಮೊದ್ಲು ಇಬ್ರೂ ಮಾತಾಡ್ಕೊಳಿ!"

ಮಕ್ಕಳು ಕಿಸಕ್ಕೆಂದವು. ಸಾಹುಕಾರನಿಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕು ಹೇಳಿ? ಬರೆಸಿದವನು ತಾನೇ! ಒಳಗಿನಿಂದ ಸಾಕಮ್ಮ ಕೂಗಿದಳು: "ಹೊತ್ತು ಮುಳುಗ್ತಾ ಬಂತು ಕಣ್ರೀ!"

ಸಾಹುಕಾರ ಪಂಚೆ ಎತ್ತಿ ಕಟ್ಟಿದ. ಸ್ಟೂಲು ಹತ್ತಿದ. ಬೋರ್ಡು ಎಳೆದ, ಬರಲಿಲ್ಲ. "ಯಾರಾದ್ರೂ ಬಂದು ಒಂದ್ ಕೈ ಹಾಕ್ರೋ, ಬಿದ್ದೇಹೋಗ್ತೀನಿ!" ಅಷ್ಟೇ ಬೇಕಿತ್ತು. ಹನ್ನೆರಡು ಮಕ್ಕಳು, ಇಪ್ಪತ್ನಾಲ್ಕು ಕೈ!

ಆಮೇಲೆ ಮೊರ ಸುರಿದಾಗ ಎಂಥ ಗದ್ದಲ ಅಂತೀರಿ! ಅಲ್ಲಿಯವರೆಗೆ ಅಳುತ್ತಿದ್ದ ಕೂಸು ಕೇಕೆ ಹಾಕಿ ನಕ್ಕಿತು. ಸಾಹುಕಾರ ಮಂಚದಡಿ ತೂರಿ ಒಂದು ಹಣ್ಣು ಹಿಡಿದಿದ್ದ.

"ತಾತ, ಅದು ನಂದು!"

"ಹೋಗೇ, ನಾ ಮೊದ್ಲು ನೋಡಿದ್ದು!"

ನೋಡಿ, ನಿಷೇಧಿಸುವುದು ಎಂದರೆ ಮರುಮಾತಿಗೆ ಎಡೆಯಿಲ್ಲದಂತೆ ತಡೆಯುವುದು. ಕರೆಂಟಿನ ಕಂಬಕ್ಕೆ ಆ ಮಾತು ಬೇಕು. ಜೀವ ಹೋಗುವ ಕಡೆ ಇರಲಿ. ಮನೆಯೊಳಗೆ ಯಾಕೆ? ನಮ್ಮ ಗೋಡೆಯ ಮೇಲೆ ಬೋರ್ಡಿಲ್ಲ ಎನ್ನುತ್ತೀರಾ? ಮುಖದ ಮೇಲೆ? ಇದೆಯಲ್ಲ! ಇವತ್ತು ಮನೆಗೆ ಹೋದ ಮೇಲೆ, ಮಗು ಒಲೆಯ ಹತ್ತಿರ ಬಂದರೆ ಗದರಬೇಡಿ. 'ಬೇಡ ಕಂದ, ಸುಡುತ್ತೆ' ಎಂದು ಕೈ ಹಿಡಿದು ಹೇಳಿ. ತಡೆಯುವಾಗ ಕಾರಣ ಹೇಳಿ. ಸೊಸೆ ಅಡುಗೆಮನೆಯಲ್ಲಿ ಹಾಡುತ್ತಿದ್ದಾಳೆ, ನಿಮಗೆ ಬೇಡ ಎನ್ನಬೇಕೆನಿಸಿತು. ಯಾಕೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಕಾರಣ ಸಿಗಲಿಲ್ಲವೇ? ಹಾಗಾದರೆ ಹಾಡಲಿ ಬಿಡಿ. ಸೊಪ್ಪು ಬಿಡಿಸುವ ನೆಪದಲ್ಲಿ ನೀವೂ ಪಕ್ಕದಲ್ಲಿ ಕೂತು ಕೇಳಿ.